ಅಜ್ಜನಮನೆಯಲ್ಲಿ 11 ಮಕ್ಕಳು, 20 ದಿನ: ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:

ನನ್ನ ಗಂಡನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಳೆಯ ಮನೆ, ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದು ಕೆರೆ. ಈ ಬೇಸಿಗೆ ರಜೆಗೆ ಭಾವನವರ ಸಂಸಾರ, ಇಬ್ಬರು ನಾದಿನಿಯರು, ಚಿಕ್ಕಮಾವನ ಕಡೆಯವರು, ನಾವು, ಎಲ್ಲರೂ ಒಟ್ಟಿಗೆ ಅಲ್ಲಿ ಇರುವುದು ಅಂತ ಆಗಿದೆ. ಮಾವನಿಗೆ 75 ತುಂಬುತ್ತದೆ. ಮೊಮ್ಮಕ್ಕಳೆಲ್ಲ ಒಮ್ಮೆ ಒಟ್ಟಿಗೆ ಮನೆಯಲ್ಲಿ ಇರಬೇಕು ಅಂತ ಅವರ ಆಸೆ. ಮಕ್ಕಳೇ 11. ದೊಡ್ಡವನಿಗೆ 14, ಸಣ್ಣವಳಿಗೆ 3. ದೊಡ್ಡವರು 8 ಜನ.

ಅತ್ತೆಗೆ ಗಂಟುನೋವು, ಹೆಚ್ಚು ಹೊತ್ತು ನಿಲ್ಲುವುದಕ್ಕೆ ಆಗುವುದಿಲ್ಲ. ಕೆಲಸಕ್ಕೆ ಬರುವವರು ಒಬ್ಬರೇ, ಅದೂ ಮಧ್ಯಾಹ್ನದ ತನಕ. ಹೋದ ಸಲ ಆರು ಮಕ್ಕಳಿದ್ದಾಗಲೇ ನಾನೂ ಅಕ್ಕನೂ (ಭಾವನ ಹೆಂಡತಿ) ಅಡುಗೆಮನೆಯಿಂದ ಹೊರಗೆ ಬಂದದ್ದೇ ಇಲ್ಲ. ಕೊನೆಯ ಎರಡು ದಿನ ನಾವಿಬ್ಬರು ಮಾತು ಬಿಟ್ಟಿದ್ದೆವು. ಈ ಸಲ ಹಾಗೆ ಆಗಬಾರದು. ಇನ್ನೊಂದು, ಕೆರೆಯ ಹೆದರಿಕೆ. ಊಟ, ಮಲಗುವುದು, ಜಗಳ, ಫೋನು, ಯಾವುದಾದರೂ ಸರಿ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಹೇಳಿ.

ಪೆರ್ಲದ ಕಡೆಯಿಂದ ಒಬ್ಬರು:

ನಾನು ಈ ಮನೆಗೆ ಸೊಸೆಯಾಗಿ ಬಂದು 22 ವರ್ಷ. ಪ್ರತಿ ರಜೆಗೆ ಕಡಿಮೆ ಅಂದರೆ ಒಂಬತ್ತು ಮಕ್ಕಳು. ನಾನು ಹೇಳುವುದರಲ್ಲಿ ಒಂದೇ ಒಂದು ಇಟ್ಟುಕೊಳ್ಳಿ, ಉಳಿದದ್ದು ಬಿಟ್ಟರೂ ನಡೆಯುತ್ತದೆ. ಮಕ್ಕಳನ್ನು ನೋಡುವುದಕ್ಕೆ ಸರದಿ ಹಾಕಿ. ಸರದಿಯಲ್ಲಿ ಇರುವವರಿಗೆ ಬೇರೆ ಕೆಲಸ ಇರಬಾರದು.

ಇದನ್ನು ನಾನು ಕಲಿತದ್ದು ಹೀಗೆ. ಒಂದು ವರ್ಷ ವಿಷುವಿನ (ಏಪ್ರಿಲ್ ನಡುವಿನ ಹೊಸವರ್ಷದ ಹಬ್ಬ) ಮರುದಿನ. ಮನೆಯಲ್ಲಿ ದೊಡ್ಡವರು ಒಂಬತ್ತು ಜನ. ಊಟ ಆಗಿ ಎಲ್ಲರೂ ಜಗಲಿಯಲ್ಲಿ ಇದ್ದೆವು. ನಾದಿನಿಯ ಮಗ ಕಾಣಲಿಲ್ಲ, ಐದು ವರ್ಷದವನು. ಅವನು ಅಪ್ಪನ ಜೊತೆ ಇದ್ದಾನೆ ಅಂತ ನಾನು ಅಂದುಕೊಂಡೆ. ನನ್ನ ಜೊತೆ ಅಡುಗೆಮನೆಯಲ್ಲಿ ಇದ್ದಾನೆ ಅಂತ ಅವನ ಅಪ್ಪ ಅಂದುಕೊಂಡಿದ್ದರು. ಅವನು ಕೆರೆಯ ಮೂರನೇ ಮೆಟ್ಟಿಲಿನಲ್ಲಿ ಕೂತು ಕಾಗದದ ದೋಣಿ ಬಿಡುತ್ತಿದ್ದ. ಅವನ ಪಾದ ನೀರಿನಲ್ಲಿತ್ತು. ಏನೂ ಆಗಲಿಲ್ಲ, ಎತ್ತಿಕೊಂಡು ಬಂದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತು ಜನರ ಮನೆಯಲ್ಲಿ ಆ ಮಗುವಿನ ಮೇಲೆ ಒಬ್ಬರ ಕಣ್ಣೂ ಇರಲಿಲ್ಲವಲ್ಲ ಅಂತ.

ಮರುದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆದೆ. ಬೆಳಗ್ಗೆ 7ರಿಂದ 1ರ ತನಕ ಒಬ್ಬರು, 1ರಿಂದ 7ರ ತನಕ ಇನ್ನೊಬ್ಬರು. ಗಂಡಸರೂ ಸೇರಿ. ನಿಮ್ಮಲ್ಲಿ ಅತ್ತೆ ಮಾವ ಬಿಟ್ಟು ಆರು ಜನ ಅಂತ ಇಟ್ಟುಕೊಂಡರೂ ಒಬ್ಬೊಬ್ಬರಿಗೆ ಮೂರು ದಿನಕ್ಕೊಮ್ಮೆ ಆರು ಗಂಟೆ ಬೀಳುತ್ತದೆ, ಅಷ್ಟೇ. ಆ ಆರು ಗಂಟೆ ತೋಟಕ್ಕೆ ನೀರು ಬಿಡುವುದು ಇಲ್ಲ, ಆಫೀಸಿನ ಮೀಟಿಂಗ್ ಇಲ್ಲ, ತೆಂಗಿನಕಾಯಿ ತುರಿಯುವುದೂ ಇಲ್ಲ. ಕೊರಳಿಗೆ ಒಂದು ಪೀಪಿ, ಆಟದ ಮೇಷ್ಟ್ರ ಹತ್ತಿರ ಇರುತ್ತದಲ್ಲ, ಅದು. ಉದ್ದಕ್ಕೆ ಒಮ್ಮೆ ಊದಿದರೆ ಎಲ್ಲಾ ಮಕ್ಕಳೂ ಅಂಗಳಕ್ಕೆ ಬರಬೇಕು. ಸರದಿ ಬದಲಾಗುವಾಗ ತಲೆ ಎಣಿಸಿ, ಆಮೇಲೆ ಪೀಪಿ ಕೈ ದಾಟಿಸುವುದು. ಪೀಪಿ ಯಾರ ಕೊರಳಲ್ಲಿ ಉಂಟೋ ಅವರು ಜವಾಬ್ದಾರರು.

ಮೊದಲ ವರ್ಷ ಗಂಡಸರು ಒಪ್ಪಲಿಲ್ಲ. ನಾವಿದ್ದೇವಲ್ಲ, ನೋಡಿಕೊಳ್ಳುತ್ತೇವೆ ಅಂದರು. ಆ ಮಾತು ನಂಬಬೇಡಿ. ಪ್ರೀತಿ ಇಲ್ಲ ಅಂತ ಅಲ್ಲ, ಯಾವ ಗಂಟೆಗೆ ಯಾರು ಅಂತ ಇಲ್ಲದಿದ್ದರೆ ಆಗುವುದಿಲ್ಲ.

ಇನ್ನು ಅಡುಗೆಮನೆ. ನಮ್ಮಲ್ಲಿ ಬೆಳಗ್ಗೆ ತೆಳ್ಳವು (ನೀರುದೋಸೆ) ಅಂದರೆ ಎಲ್ಲರಿಗೂ ಇಷ್ಟ. ಆದರೆ 19 ಜನಕ್ಕೆ ತಲಾ ಐದು ಅಂದರೂ 95 ಆಯಿತು. ಎರೆಯಲು ಕೂತವಳ ಬೆಳಗ್ಗೆ ಅಲ್ಲಿಗೆ ಮುಗಿಯಿತು. ನಾವು ಅದನ್ನು ವಾರಕ್ಕೆ ಒಂದು ದಿನ ಮಾಡಿದೆವು. ಉಳಿದ ದಿನ ಒಮ್ಮೆಲೇ ಬೇಯುವ ತಿಂಡಿ. ಇಡ್ಲಿ, ಹಲಸಿನ ಹಣ್ಣಿನ ಕೊಟ್ಟಿಗೆ (ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕಡುಬು), ಸಜ್ಜಿಗೆ ಅವಲಕ್ಕಿ. ಕೊಟ್ಟಿಗೆಗೆ ಬಾಳೆಲೆ ಬಾಡಿಸಿ ಕೊಡುವುದು ಮಕ್ಕಳು, ಅಟ್ಟಿನಳಗೆಯಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆ) ಇಡುವುದು ನಾವು. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಪೇಟೆಯ ಮಕ್ಕಳು ಮೊದಲ ಎರಡು ದಿನ ಗಂಜಿ ಮುಟ್ಟಲಿಲ್ಲ. ಮೂರನೇ ದಿನ ಆಟ ಆಡಿ ಹಸಿದು ಬಂದು ಎರಡೆರಡು ಸಲ ಹಾಕಿಸಿಕೊಂಡರು. ಅವರಿಗೆ ಅಂತ ಬೇರೆ ಅಡುಗೆ ಮಾತ್ರ ಮಾಡಬೇಡಿ. ಒಬ್ಬನಿಗೆ ನೂಡಲ್ಸ್ ಮಾಡಿದರೆ 11 ಜನಕ್ಕೆ ಮಾಡಬೇಕಾಗುತ್ತದೆ.

ಮಕ್ಕಳಿಗೆ ಮೊದಲು ಒಂದೇ ಪಂಕ್ತಿ, ಬಾಳೆಲೆಯಲ್ಲಿ. ತಟ್ಟೆ ತೊಳೆಯುವ ಕೆಲಸ ಇಲ್ಲ. ಬಡಿಸುವುದು 10 ವರ್ಷ ದಾಟಿದ ಮಕ್ಕಳು, ಹುಡುಗರೂ. ಕೆಲಸದವರಿಗೆ ಆ 20 ದಿನ ಸಂಜೆಯ ತನಕ ಇರಲು ಮೊದಲೇ ಕೇಳಿ, ಹೆಚ್ಚಿನ ಸಂಬಳ ಕೊಡಿ. ಅದನ್ನು ಎಲ್ಲಾ ಸಂಸಾರದವರು ಹಂಚಿಕೊಳ್ಳಲಿ. ಮಾವನವರ ಹತ್ತಿರ ದುಡ್ಡಿನ ಮಾತು ಎತ್ತಿದರೆ ಅವರಿಗೆ ಬೇಜಾರಾಗುತ್ತದೆ, ಅದಕ್ಕೆ ನಾವು ಖರ್ಚನ್ನು ವಿಷಯವಾರು ಹಂಚಿಕೊಂಡೆವು. ಒಬ್ಬರು ಗ್ಯಾಸು, ಒಬ್ಬರು ದಿನಸಿ, ಒಬ್ಬರು ಆ ಸಂಬಳ. ನಿಮಗೂ ನಿಮ್ಮ ಅಕ್ಕನಿಗೂ ಮಾತು ನಿಂತದ್ದು ಸುಸ್ತಿನಿಂದ ಅಂತ ನನಗೆ ಅನಿಸುತ್ತದೆ. ಇಬ್ಬರೇ ಒಲೆಯ ಮುಂದೆ ನಿಂತರೆ ಯಾರಿಗಾದರೂ ಹಾಗೆ ಆಗುತ್ತದೆ. ಹೋಗುವ ಮೊದಲೇ ಅವರಿಗೆ ಫೋನ್ ಮಾಡಿ, ಈ ಸರದಿ ಇಬ್ಬರೂ ಸೇರಿ ಬರೆಯಿರಿ.

ಮಕ್ಕಳಿಗೆ ಕಾರ್ಯಕ್ರಮ ಹಾಕಿಕೊಡುವುದು ಬೇಡ. ಮನೆಯ ಕೆಲಸವೇ ಬೇಕಾದಷ್ಟು ಉಂಟು. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಹಲಸಿನಕಾಯಿ ಹಪ್ಪಳ. ಬಲಿತ ಕಾಯಿ ಕೊಯ್ದು, ಸೋಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಜೀರಿಗೆ ಹಾಕಿ ಕಡೆಯುವ ತನಕ ದೊಡ್ಡವರ ಕೆಲಸ. ಆಮೇಲೆ ಮಕ್ಕಳದ್ದು. ಸಣ್ಣವರು ಉಂಡೆ ಕಟ್ಟುತ್ತಾರೆ. ನಡುವಿನವರು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತುತ್ತಾರೆ. ದೊಡ್ಡ ಮಕ್ಕಳು ಚಾಪೆಯಲ್ಲಿ ಹರಡುತ್ತಾರೆ. ಅರ್ಧ ಹಿಟ್ಟು ತೆಂಗಿನೆಣ್ಣೆ ಮುಟ್ಟಿಸಿ ಬಾಯಿಗೆ ಹೋಗುತ್ತದೆ, ಹೋಗಲಿ. ಅತ್ತೆ ಕುರ್ಚಿಯಲ್ಲಿ ಕೂತು ದಪ್ಪ ಆಯಿತು, ತೆಳು ಆಯಿತು ಅಂತ ಹೇಳುತ್ತಿರಬಹುದು. ಗಂಟುನೋವಿದ್ದರೂ ಅವರು ಆ ಕೆಲಸದ ಯಜಮಾನ್ತಿಯೇ ಆಗಿರುತ್ತಾರೆ. ನಮ್ಮತ್ತೆ ಇದ್ದಾಗ ಹಾಗೇ ಮಾಡಿದ್ದೆವು. ಮೊಮ್ಮಕ್ಕಳಿಗೆ ಅವರ ನೆನಪು ಅಂದರೆ ಇವತ್ತಿಗೂ ಆ ಹಪ್ಪಳದ ಚಾಪೆ.

ಕಾಟುಮಾವಿನ ಹಣ್ಣು ಬಿದ್ದರೆ ಮಾಂಬಳವೂ ಮಾಡಿಸಿ. ದಿನಕ್ಕೊಂದು ಪದರ ರಸ ಹೊಯ್ಯುವುದು, ಒಣಗಿಸುವುದು. ವಾಪಸು ಹೋಗುವಾಗ ಒಂದೊಂದು ತುಂಡು ಚೀಲದಲ್ಲಿ ಹೋಗುತ್ತದೆ.

ಒಂದು ಎಚ್ಚರ. ಮೋಡ ಗುಡುಗಿದ ಕೂಡಲೇ ಹಪ್ಪಳ ಎತ್ತಲು ಮಕ್ಕಳನ್ನು ತಾರಸಿಗೆ ಓಡಿಸಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಸಿಡಿಲು ಜಾಸ್ತಿ. ಹಪ್ಪಳ ಒದ್ದೆಯಾದರೆ ಆಗಲಿ.

ಕುಂಬಳೆಯ ಕಡೆಯಿಂದ ಒಬ್ಬರು:

ಕೆರೆಯ ವಿಷಯ ನಾನು ಹೇಳುತ್ತೇನೆ. ನಾನು ಕೃಷಿಕ, ನಮ್ಮ ತೋಟದಲ್ಲಿ ಎರಡು ಕೆರೆ ಉಂಟು.

ಮೊದಲು ಕೆರೆಗೆ ಹೋಗುವ ದಾರಿಗೆ ಬಾಗಿಲು ಮಾಡಿ. ಅಡಿಕೆ ಮರದ ಸಲಾಕೆಯ ತಡಮೆ (ಬೇಲಿಯ ಬಾಗಿಲು) ಸಾಕು, ಆದರೆ ಮೂರು ವರ್ಷದ ಮಗು ನುಸುಳಬಾರದು, ಕೊಕ್ಕೆ ಅದರ ಕೈಗೆ ಎಟುಕಬಾರದು. ಮಕ್ಕಳು ಬರುವ ಒಂದು ವಾರದ ಮೊದಲೇ ಮಾಡಿಸಿ. ಕೆರೆಯ ಪಕ್ಕ ಉದ್ದದ ಒಂದು ಬಿದಿರು ಗಳ ಇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ 15 ಮೀಟರ್ ಹಗ್ಗ ಕಟ್ಟಿ ಮರಕ್ಕೆ ತೂಗುಹಾಕಿ. ಯಾರಾದರೂ ಬಿದ್ದರೆ ಈಜು ಬಾರದವರು ಹಾರಬಾರದು. ಗಳ ಚಾಚುವುದು, ಕ್ಯಾನು ಎಸೆಯುವುದು. ಒಬ್ಬರನ್ನು ಎತ್ತಲು ಹೋಗಿ ಎರಡು ಮೂರು ಜನ ಹೋದದ್ದು ನಮ್ಮ ಊರ ಕಡೆ ಎಲ್ಲರೂ ಕೇಳಿದವರೇ.

ಮುಳುಗುವ ಮಗು ಹೆಚ್ಚಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದರೆ ಕೂಗಲು ಉಸಿರೇ ಇರುವುದಿಲ್ಲ. ಜಗಲಿಯಲ್ಲಿ ಇದ್ದರೆ ಕೇಳುತ್ತದೆ ಅಂತ ತಿಳಿಯಬೇಡಿ. ಮೇಲೆತ್ತಿದ ಮಗು ಉಸಿರಾಡದಿದ್ದರೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತುವುದು ತಪ್ಪು. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದರಿಂದ ಶುರು ಮಾಡಬೇಕು, ಆಮೇಲೆ ಎದೆ ಒತ್ತುವುದು, ಎರಡೂ ಮುಂದುವರಿಸಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಮನೆಯಿಂದ ಇಬ್ಬರಾದರೂ ಗೊತ್ತಿದ್ದವರ ಹತ್ತಿರ ಕೈಯಲ್ಲಿ ಮಾಡಿ ಕಲಿತು ಬನ್ನಿ. 112 ಮತ್ತು ಆಂಬುಲೆನ್ಸಿನ 108, ಎರಡನ್ನೂ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ. ಹಾವು ಕಚ್ಚಿದರೆ ಮದ್ದು ಯಾವ ಆಸ್ಪತ್ರೆಯಲ್ಲಿ ಉಂಟು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ರಾತ್ರಿ ಅಂಗಳಕ್ಕೆ ಇಳಿಯುವವರ ಕೈಯಲ್ಲಿ ಟಾರ್ಚು, ಕಾಲಲ್ಲಿ ಚಪ್ಪಲಿ.

ಇಷ್ಟು ಹೇಳಿದೆ ಅಂತ ಮಕ್ಕಳನ್ನು ನೀರಿನಿಂದ ಪೂರ್ತಿ ದೂರ ಇಡಬೇಡಿ. ಏಳೆಂಟು ವರ್ಷ ದಾಟಿದವರಿಗೆ ಈಜು ಕಲಿಸಲು ಇಂಥ 20 ದಿನ ಇನ್ನೊಮ್ಮೆ ಸಿಗುವುದಿಲ್ಲ. ನಾವೆಲ್ಲ ಕಲಿತದ್ದು ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಜೋಡಿಸಿ ಹೊಟ್ಟೆಗೆ ಕಟ್ಟಿಕೊಂಡು. ಚೆನ್ನಾಗಿ ಈಜು ಬರುವ ಒಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ, ಒಮ್ಮೆಗೆ ಇಬ್ಬರೇ ಮಕ್ಕಳು, ದಿನವೂ ಅದೇ ಹೊತ್ತಿಗೆ. ಹೊತ್ತು ಗೊತ್ತಿದ್ದರೆ ಮಕ್ಕಳು ಕದ್ದು ಹೋಗುವುದು ಕಡಿಮೆ.

ಕೆಂಪುಕಲ್ಲಿನ ಕೋರೆಯಲ್ಲಿ ಮಳೆ ನೀರು ನಿಂತಿದ್ದರೆ ಆ ಕಡೆ ಬೇಡವೇ ಬೇಡ, ಇಳಿದರೆ ಮೇಲೆ ಹತ್ತಲು ಮೆಟ್ಟಿಲು ಇರುವುದಿಲ್ಲ. ನಮ್ಮ ಕಡೆಯ ಸುರಂಗಗಳನ್ನು ಮಕ್ಕಳಿಗೆ ತೋರಿಸಿ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತಂದ ಹಿರಿಯರ ಕೆಲಸ ಅದು. ಬಾಯಿಯ ಹತ್ತಿರ ನಿಂತು ನೋಡಲಿ, ಒಳಗೆ ಬೇಡ. ಮೈಲುತುತ್ತಿನ ಡಬ್ಬ ಕೊಟ್ಟಿಗೆಯಲ್ಲಿ ಕೈಗೆ ಸಿಗುವ ಹಾಗೆ ಇದ್ದರೆ ಬೀಗ ಹಾಕಿ ಇಡಿ. ಮಳೆಗಾಲಕ್ಕೆ ಮೊದಲು ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಅಡಿಕೆಯ ಮದ್ದು) ಬಿಡಲು ಅಂತ ಎಲ್ಲರೂ ತಂದಿಟ್ಟಿರುತ್ತಾರೆ, ಅದರ ನೀಲಿ ಬಣ್ಣ ಮಕ್ಕಳನ್ನು ಎಳೆಯುತ್ತದೆ. ಹಸಿ ಗೇರುಬೀಜವನ್ನು ಮಕ್ಕಳೇ ಸುಡಬಾರದು. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಸುಟ್ಟುಹೋಗುತ್ತದೆ.

ಒಬ್ಬಳು ತಂಗಿ, ಈಗ ಮಂಗಳೂರಿನಲ್ಲಿ ಕೆಲಸ:

ನನಗೆ 24. ನಮ್ಮ ಅಜ್ಜನಮನೆ ಮುಳ್ಳೇರಿಯದ ಕಡೆ. ಒಂಬತ್ತು ಜನ ಮಕ್ಕಳಲ್ಲಿ ನಾನೇ ದೊಡ್ಡ ಹುಡುಗಿ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಹುಡುಗಿಯ ಮೇಲೆ ಸಣ್ಣ ಮಕ್ಕಳನ್ನು ಹಾಕಬೇಡಿ, ಅಕ್ಕ. 12ನೇ ವಯಸ್ಸಿನಿಂದ ನನ್ನ ರಜೆ ಅಂದರೆ ತಮ್ಮ ತಂಗಿಯರಿಗೆ ಊಟ ಮಾಡಿಸುವುದು, ಸ್ನಾನಕ್ಕೆ ಕರೆದುಕೊಂಡು ಹೋಗುವುದು. ನನ್ನಷ್ಟೇ ವಯಸ್ಸಿನ ಅಣ್ಣ ಕ್ರಿಕೆಟ್ ಆಡುತ್ತಿದ್ದ. ಯಾರೂ ಬೈದು ಮಾಡಿಸಿದ್ದಲ್ಲ, ಹೊಗಳಿ ಮಾಡಿಸಿದರು. ಅವಳಿದ್ದರೆ ನಮಗೆ ಚಿಂತೆ ಇಲ್ಲ ಅನ್ನುತ್ತಿದ್ದರು. 15ಕ್ಕೆ ನಾನು ಅಜ್ಜನಮನೆಗೆ ಹೋಗುವುದಿಲ್ಲ ಅಂತ ಹಟ ಮಾಡಿದೆ. ಆಮೇಲೆ ಎರಡು ವರ್ಷದಲ್ಲಿ ಅಜ್ಜ ತೀರಿಕೊಂಡರು. ಆ ಎರಡು ರಜೆ ನನಗೆ ವಾಪಸು ಸಿಗುವುದಿಲ್ಲ.

ಇನ್ನೊಂದು ವಿಷಯ ಹೇಳಲು ಕಷ್ಟ, ಆದರೂ ಹೇಳಬೇಕು. ಮಲಗುವ ವ್ಯವಸ್ಥೆಯನ್ನು ಮಕ್ಕಳ ಮರ್ಜಿಗೆ ಬಿಡಬೇಡಿ. ಚಾವಡಿಯಲ್ಲಿ ಸಾಲಾಗಿ ಹಾಸಿ, ಸೊಳ್ಳೆಪರದೆ ಕಟ್ಟಿ, ನಡುವೆ ಒಬ್ಬ ದೊಡ್ಡ ಹೆಂಗಸು ಮಲಗಲಿ. ಸಣ್ಣ ದೀಪ ಇರಲಿ. ಬಾಗಿಲು ಹಾಕಿದ ಕೋಣೆಯಲ್ಲಿ ಸಣ್ಣ ಮಕ್ಕಳು, ದೊಡ್ಡ ಹುಡುಗರು, ನೆಂಟರು ಅಂತ ಬೆರೆಸಿ ಮಲಗಿಸುವುದು ಬೇಡ. ಯಾರಾದರೂ ಮುಟ್ಟಿದ್ದು ಇಷ್ಟ ಆಗದಿದ್ದರೆ ಹೇಳು, ಅದು ಮನೆಯವರೇ ಆದರೂ ಹೇಳು, ನಿನಗೆ ಬೈಯುವುದಿಲ್ಲ ಅಂತ ಪ್ರತಿ ಮಗುವಿಗೂ ಹೊರಡುವ ಮೊದಲೇ ಅದರ ಅಮ್ಮ ಹೇಳಿರಲಿ. ಮಗು ಹೇಳಿದರೆ ನಂಬಿ. ಮಕ್ಕಳ ಸಹಾಯವಾಣಿ 1098. ನಮ್ಮ ಮನೆಗಳಲ್ಲಿ ಇದರ ಮಾತು ಬರುವುದೇ ಇಲ್ಲ. ಬರಬೇಕು.

ಕಾಸರಗೋಡು ಪೇಟೆಯಿಂದ ಒಬ್ಬರು:

ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಸಂಜೆ 7ರಿಂದ 8 ಮಾತ್ರ, ಉಳಿದ ಹೊತ್ತು ಅಜ್ಜಿಯ ಕಪಾಟಿನಲ್ಲಿ. ದೊಡ್ಡವರೂ ಊಟದ ಹೊತ್ತಿಗೆ ಕಪಾಟಿಗೆ ಹಾಕಿದ ಮೇಲೆಯೇ ಮಕ್ಕಳು ಒಪ್ಪಿದ್ದು. ಮೊದಲ ಮೂರು ದಿನ ಬೋರು ಅಂತ ಅಳುತ್ತಾರೆ. ಆ ಮೂರು ದಿನ ತಡೆದುಕೊಳ್ಳಿ. ನಾಲ್ಕನೇ ದಿನ ಅಡಿಕೆ ಹಾಳೆಯಲ್ಲಿ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವುದು ಶುರುವಾಗುತ್ತದೆ.

ತಿರುಗಾಟ ಮೂರಕ್ಕಿಂತ ಹೆಚ್ಚು ಬೇಡ, ಸೆಕೆಗೆ ಮಕ್ಕಳು ಬಾಡುತ್ತಾರೆ. ಬೇಕಲ ಕೋಟೆಗೆ ಸಂಜೆ 4ರ ಹೊತ್ತಿಗೆ ಹೋಗಿ. 40 ಎಕರೆಯ ಬಯಲು, ನೆರಳು ಕಡಿಮೆ, ನೀರು ತುಂಬಾ ಇಟ್ಟುಕೊಳ್ಳಿ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳಿ, ಕೆಳದಿಯಿಂದ ಇಲ್ಲಿಗೆ ಎಷ್ಟು ದೂರ ಅಂತ ಮಕ್ಕಳೇ ಭೂಪಟದಲ್ಲಿ ನೋಡಲಿ. ಅನಂತಪುರದ ಕೆರೆ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗಿ. ಆ ಕೆರೆಯಲ್ಲಿ ಇದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಾಣುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋದರೆ ಅಪ್ಪ (ಸಿಹಿ ಕಜ್ಜಾಯ) ಪ್ರಸಾದ ಎಲ್ಲರಿಗೂ ಸಾಕಾಗುವಷ್ಟು ತನ್ನಿ.

ಹತ್ತಿರದಲ್ಲಿ ಯಕ್ಷಗಾನ ಬಯಲಾಟ ಇದ್ದರೆ ಒಂದು ರಾತ್ರಿ ಕರೆದುಕೊಂಡು ಹೋಗಿ. ಕಾಲಮಿತಿಯ ಆಟ (ಬೆಳಗಿನ ತನಕ ಇಲ್ಲದ್ದು) ಆದರೆ ಸಣ್ಣವರೂ ತಡೆಯುತ್ತಾರೆ. ಮೇ 24ರ ಆಸುಪಾಸಿಗೆ ಪತ್ತನಾಜೆ (ತುಳುವಿನ ಬೇಶ ತಿಂಗಳ ಹತ್ತನೇ ದಿನ), ಅಲ್ಲಿಗೆ ಮೇಳಗಳ ತಿರುಗಾಟ ಮುಗಿಯಿತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೈಮುಗಿದೆ. ಮುಳ್ಳೇರಿಯದ ತಂಗಿ ಬರೆದದ್ದು ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಆ ಜಾಗದಲ್ಲಿ ನನ್ನ ನಾದಿನಿಯ ಮಗಳು ಇದ್ದಾಳೆ, 13 ವರ್ಷ. ಹೋದ ಸಲ ನಾನೇ ಸಣ್ಣವಳನ್ನು ಅವಳ ಕೈಗೆ ಕೊಟ್ಟು ಅಡುಗೆಗೆ ಹೋಗುತ್ತಿದ್ದೆ. ಅವಳನ್ನು ಈ ಸಲ ಈಜು ಕಲಿಯುವವರಲ್ಲಿ ಮೊದಲು ಹಾಕುತ್ತೇನೆ.

ಇನ್ನೊಂದು ಕೇಳಬೇಕು. ಯಾವ 20 ದಿನ ಒಳ್ಳೆಯದು? ಇಬ್ಬರ ಮಕ್ಕಳು ಕೇರಳದ ಶಾಲೆ, ಉಳಿದವರು ಕರ್ನಾಟಕ.

ಪೆರ್ಲದವರು:

ಕೇರಳದ ಶಾಲೆಗೆ ಏಪ್ರಿಲ್ ಮೇ ಪೂರ್ತಿ ರಜೆ. ಕರ್ನಾಟಕದಲ್ಲಿ ಏಪ್ರಿಲ್ ಎರಡನೇ ವಾರದಿಂದ ಸಿಗುತ್ತದೆ, ಬೆಂಗಳೂರಿನ ಕೆಲವು ಶಾಲೆಯವರದ್ದು ಬೇರೆ ಲೆಕ್ಕ, ಕೇಳಿಕೊಳ್ಳಿ. ನಾನಾದರೆ ವಿಷುವಿಗೆ ಎರಡು ದಿನ ಮೊದಲು ಬಂದು ಮೇ ಮೊದಲ ವಾರ ಹೊರಡುತ್ತೇನೆ. ವಿಷು ಕಣಿ (ಹಬ್ಬದ ಬೆಳಗ್ಗೆ ಮೊದಲು ನೋಡುವ ಮಂಗಳ ವಸ್ತುಗಳು) ಅಜ್ಜನ ಜೊತೆ ನೋಡಿದ ಹಾಗೆ ಆಗುತ್ತದೆ. ಹಪ್ಪಳಕ್ಕೆ ಕಾಯಿ ಸಿಗುತ್ತದೆ, ಕೊನೆಯ ಹೊತ್ತಿಗೆ ಹಣ್ಣೂ ಶುರುವಾಗುತ್ತದೆ. ಮೇ ಕೊನೆಗೆ ಹೋದರೆ ಬಾವಿಯ ನೀರು ತಳ ಹಿಡಿದಿರುತ್ತದೆ. 19 ಜನದ ಸ್ನಾನಕ್ಕೆ, ಬಟ್ಟೆಗೆ ಎಲ್ಲಿಂದ ತರುವುದು? ಈಗಲೇ ಮಾವನ ಹತ್ತಿರ ನೀರಿನ ಸಂಗತಿ ಕೇಳಿ. ಮಂಗಳೂರು, ಕಾಸರಗೋಡು ದಾರಿಯ ಬೆಂಗಳೂರು–ಕಣ್ಣೂರು ರಾತ್ರಿ ರೈಲಿಗೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಆ ದಿನವೇ ಮಾಡಿ. ವಿಷು ಸಮಯ ಅಲ್ವಾ, ಆಮೇಲೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು:

ಇವತ್ತು ಅಕ್ಕನಿಗೆ ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದೆವು. ಸರದಿಯ ಪಟ್ಟಿ ಅರ್ಧ ಆಗಿದೆ. ಮೊದಲ ದಿನ ಬೆಳಗ್ಗೆ ಭಾವನ ಹೆಸರು ಅವಳೇ ಹೇಳಿ ಬರೆಸಿದಳು. ತಡಮೆಗೆ ಮಾವನಿಗೂ ಹೇಳಿದ್ದೇನೆ, ನಾಳೆಯೇ ಜನ ಕರೆಯುತ್ತಾರಂತೆ. ಅತ್ತೆ ಕೇಳಿದ್ದು ಒಂದೇ, ಹಪ್ಪಳದ ಮಣೆ ಅಟ್ಟದಲ್ಲಿ ಉಂಟು, ಇಳಿಸಿ ಎಣ್ಣೆ ಹಚ್ಚಿಡಲಾ ಅಂತ.